ಗಟಾರದ ನೀರು, ತಪ್ಪಲಪಲ್ಲೆ ಮತ್ತ ನಮಗ ಮುಟ್ಟದ ಸಂಶೋಧನಾ

ನಮ್ಮ ಉಣಕಲ್ಲಿನ ಓಣ್ಯಾಗ ಈಗ ಒಂದು ಮಾತು ಎದ್ದೈತಿ. ಬಿಡನಾಳ ಕಡಿಯಿಂದ ಬರೂ ತಪ್ಪಲಪಲ್ಲೆ ತಗೋಬಾರದಂತ. ಅದು ಗಟಾರದ ನೀರಿನ್ಯಾಗ ಬೆಳದದ್ದು, ವಿಷ ಇರತೈತಿ ಅಂತ. ಮೊನ್ನೆ ಒಬ್ಬರು ಬುಟ್ಟಿ ಹೊತ್ತು ಬಂದ ಹೆಣ್ಣಮಗಳನ್ನ ಬಾಗಲದಾಗ ನಿಲ್ಲಿಸಿ, “ನಿನ್ನ ಪಾಲಕ ಯಾವ ನೀರಿಂದು?” ಅಂತ ಜಬರಿಸಿ ಕೇಳಿದರು. ಆಕಿ ಏನೂ ಅನ್ನದ ಮುಂದಿನ ಮನಿಗಿ ಹೋದಳು. ನನಗ ಈ ಮಾತು ಅರ್ಧಾ ಖರೇ ಅನಿಸತೈತಿ, ಅರ್ಧಾ ಅನ್ಯಾಯ ಅನಿಸತೈತಿ. ಎರಡನ್ನೂ ಬಿಡಿಸಿ ಬರೀತೀನಿ. ಅಕ್ಕಾರ, ನೆಗೆಣ್ಯಾರ, ಚಿಗವ್ವಾರ, ಪೂರಾ ಓದ್ರಿ. ಒಪ್ಪದಿದ್ದರ ಮನಿಗಿ ಬಂದು ಜಗಳಾ ಆಡ್ರಿ, ಚಹಾ ಇಡತೀನಿ.

ಮೊದಲ ಆ ಗಟಾರ ಯಾರದು ಅಂತ ನೋಡೂಣು. ನಮ್ಮ ನಳಕ್ಕ ನೀರು ಬರೂದು ಸವದತ್ತಿ ಕಡಿಯಿಂದ, ಮಲಪ್ರಭಾ ಹೊಳಿದು. ಆ ನೀರಿನ್ಯಾಗ ನಾವು ಅಡಗಿ ಮಾಡತೀವಿ, ಮುಸರಿ ತಿಕ್ಕತೀವಿ, ಅರಬಿ ಒಗಿತೀವಿ, ಜಳಕಾ ಮಾಡತೀವಿ. ಬಚ್ಚಲದ ತೂತಿನ್ಯಾಗ ಇಳಿದ ಮ್ಯಾಲೆ ಅದು ನಮ್ಮ ಲೆಕ್ಕದಾಗ ಮುಗೀತು. ಆದರ ನೀರಿನ ಲೆಕ್ಕದಾಗ ಮುಗಿಯೂದಿಲ್ಲ. ಓಣಿ ಗಟಾರದಿಂದ ಹಳ್ಳಕ್ಕ, ಉಣಕಲ್ ಹಳ್ಳದಿಂದ ಹುಬ್ಬಳ್ಳಿ ನಡುವ ಹಾಯ್ದು, ಊರ ಹೊರಗ ಗಬ್ಬೂರ, ಬಿಡನಾಳದ ಹೊಲಗಳ ಕಡಿ ಹೋಗತೈತಿ. ಅಲ್ಲಿ ರೈತರು ಪಂಪ್ ಹಚ್ಚಿ ಆ ನೀರನ್ನ ಹೊಲಕ್ಕ ಹರಿಸತಾರ. ಪಾಲಕ, ಮೆಂತ್ಯೆ, ಕೊತ್ತಂಬರಿ ಬುಟ್ಟ್ಯಾಗ ಕೂತು ತಿರುಗಿ ನಮ್ಮ ಬಾಗಲಕ್ಕ ಬರತಾವ. ಒಮ್ಮೆ ನನಗ ತಪ್ಪಲ ಕೊಡೂ ಒಬ್ಬ ಹಿರೇ ಹೆಣ್ಣಮಗಳು ನಕ್ಕೋತ ಅಂದಿದ್ದಳು: “ಅಕ್ಕಾರ, ನಿಮ್ಮ ನೀರು ನಮ್ಮ ಹೊಲಕ್ಕ ಬರತೈತಿ, ನಮ್ಮ ತಪ್ಪಲ ನಿಮ್ಮ ಮನಿಗಿ ಬರತೈತಿ. ಕೊಟ್ಟು ತಗೊಂಡಂಗ ಆತು ನೋಡ್ರಿ.”

ಈ ವಿಷಯ ಯಾರೂ ನೋಡಿಲ್ಲ, ತಿಳಕೊಂಡಿಲ್ಲ ಅಂತ ನಾವು ಅನಕೊಂಡೀವಿ. ಹಂಗಿಲ್ಲ. ಕೃಷಿ ಎಂ.ಎಸ್ಸಿ. ಮಾಡಿದ ನನ್ನ ತಂಗಿ ಮಗಳು ಒಂದು ಇಂಗ್ಲಿಷ್ ಲೇಖನಾ ತಂದು, ನನ್ನ ಮುಂದ ಕೂತು ಕನ್ನಡದಾಗ ಹೇಳಿದಳು. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ. ಎಸ್. ಹುನಶಾಳ ಅನ್ನೂ ವಿಜ್ಞಾನಿಗಳು, ಬ್ರಿಟನ್ನಿನ ವೇಲ್ಸ್ ಕಡಿಯ ಆಂಡ್ರ್ಯೂ ಬ್ರಾಡ್‌ಫರ್ಡ್, ರಾಬರ್ಟ್ ಬ್ರೂಕ್ ಅನ್ನೂವರ ಕೂಡ ಸೇರಿ ಹುಬ್ಬಳ್ಳಿ-ಧಾರವಾಡದ ಗಟಾರದ ನೀರಿನ ಒಕ್ಕಲುತನದ ಮ್ಯಾಲೆ ಅಭ್ಯಾಸ ಮಾಡ್ಯಾರ. ಅದು ಹೊರದೇಶದ ಪತ್ರಿಕೆಯೊಳಗ ಅಚ್ಚಾದದ್ದು 2003ರಾಗ. ಅಂದರ 20 ವರ್ಷದ ಮ್ಯಾಲಾತು. ಆ ಕಾಲದಾಗನ ಅವಳಿ ನಗರದಿಂದ ದಿನಕ್ಕ 6 ಕೋಟಿ ಲೀಟರ್ ಹೊಲಸ ನೀರು ಹೊರಗ ಬೀಳತಿತ್ತು ಅಂತ ಅದರಾಗ ಬರದಾರ. 5,000 ಲೀಟರಿನ ಟ್ಯಾಂಕರ್ ಲೆಕ್ಕ ಹಿಡದರ ದಿನಾ 12,000 ಟ್ಯಾಂಕರ್.

ಆ ಅಭ್ಯಾಸದಾಗ ಬರೇ ಕೆಟ್ಟ ಸುದ್ದಿ ಇಲ್ಲ, ಅದಕ್ಕ ನನಗ ಅದರ ಮ್ಯಾಲೆ ನಂಬಿಗಿ ಬಂತು. ಈ ನೀರು ರೈತನಿಗೆ ಪುಕ್ಕಟೆ. ಮಳಿ ಕೈಕೊಟ್ಟರೂ ಇದು ಕೈಕೊಡೂದಿಲ್ಲ, ಬ್ಯಾಸಿಗ್ಯಾಗೂ ಹರಿತೈತಿ. ಗೊಬ್ಬರದ ಸತ್ವ ಇದರಾಗನ ಇರೂದರಿಂದ ಗೊಬ್ಬರದ ಖರ್ಚು ಉಳಿತೈತಿ. ಸಣ್ಣ ಹಿಡುವಳಿಯವರು ವರ್ಷಪೂರ್ತಿ ಕಾಯಿಪಲ್ಲೆ ಬೆಳದು ಸಂತಿಗೆ ತಂದು ಸಂಸಾರ ನಡಸತಾರ. ಇದು ಒಂದು ಮಗ್ಗಲು.

ಇನ್ನೊಂದು ಮಗ್ಗಲು ಕೇಳ್ರಿ. ಅದ ಸತ್ವದಿಂದ ಕಸಾನೂ ಹುಲುಸಾಗಿ ಬೆಳಿತೈತಿ, ಕೀಡೀನೂ ಹೆಚ್ಚಾಗತಾವ. ಕೀಡಿಗೆ ಔಷಧ ಮ್ಯಾಲಿಂದ ಮ್ಯಾಲೆ ಹೊಡೀಬೇಕಾಗತೈತಿ. ಕಸಾ ತಗಿಯಾಕ ಕುರ್ಪಿ ಹಿಡದು ಆ ಹಸೀ ಮಣ್ಣಿನ್ಯಾಗ ಕೂಡೂದು ಯಾರು? ಹೆಣ್ಣಾಳು. ಬರಗಾಲಿಲೆ, ಬರಗೈಲೆ. ದವಾಖಾನಿ ಕಸಾನೂ ಹಳ್ಳಕ್ಕ ಬಿದ್ದು, ಚುಚ್ಚುಮದ್ದಿನ ಸೂಜಿ ಹೊಲದ ಮಣ್ಣಿನ್ಯಾಗ ಸಿಗತಿದ್ದುವು ಅಂತನೂ ಅದರಾಗ ಐತಿ.

ಬರಗಾಲಿನ ಮಾತು ಸಣ್ಣದಲ್ಲ. ಮನಷ್ಯಾರ ಹೊಲಸು ಕೂಡಿದ ಮಣ್ಣಿನ್ಯಾಗ ಕೊಕ್ಕಿಹುಳದ ಮರಿ ಇರತಾವ. ಕಾಲಿನ ತೊಗಲಿನಿಂದನ ಒಳಗ ಹೊಕ್ಕು, ರಕ್ತದ ಕೂಡ ಹರದು, ಕಡೀಕ ಕರಳಿಗೆ ಮುಟ್ಟಿ ಅಲ್ಲಿ ಕಚಗೊಂಡು ರಕ್ತ ಹೀರತಾವ. ಹೆಂಗಸಿಗೆ ದಣಿವು, ಮಾರಿ ಬೆಳ್ಳಗಾಗೂದು, ಎದಿ ಡವಡವ. ನಾವು “ಉಣ್ಣೂದು ಕಡಿಮಿ, ಅದಕ್ಕ ರಕ್ತ ಇಲ್ಲ” ಅಂತೀವಿ. ಸಾಲ್ಯಾಗ ಹುಡುಗರಿಗೆ ಜಂತಿನ ಗುಳಿಗಿ ಕೊಡತಾರಲ್ಲ, 2015ರಿಂದ ಆ ಕಾರ್ಯಕ್ರಮ ನಡದೈತಿ. ಆದರ ಅದು 1 ವರ್ಷದಿಂದ 19 ವರ್ಷದ ತನಕ ಮಾತ್ರ. ಕುರ್ಪಿ ಹಿಡಿಯೂ ಆಕಿಗೆ ನಲವತ್ತು, ಐವತ್ತು. ಆಕಿ ಆ ಲೆಕ್ಕದಾಗ ಬರೂದಿಲ್ಲ.

ಇನ್ನ ನಮ್ಮ ತಾಟಿಗೆ ಬರೂಣು. ತಪ್ಪಲದ ಮ್ಯಾಲೆ ಏನಿರತೈತಿ? ಮೂರು ಥರ. ಒಂದು, ರೋಗದ ಕ್ರಿಮಿ ಮತ್ತ ಜಂತಿನ ತತ್ತಿ. ಇವು ಹರಿಯೂ ನೀರಿನ್ಯಾಗ ಎರಡು ಮೂರು ಸಲ ತೊಳದರ ಬಾಳ ಕಡಿಮಿ ಆಗತಾವ, ಚಲೋತ್ನಂಗ ಕುದಿಸಿದರ ಸಾಯತಾವ. ಆದರ ನಮ್ಮ ಕಡಿ ರೊಟ್ಟಿ ಕೂಡ ಹಸೀ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ಕಡಕೊಂಡ ತಿನ್ನೂ ರೂಢಿ. ಅಂಜಿಕಿ ಅಲ್ಲೇ ಇರೂದು, ಪಲ್ಲೆ ಮಾಡಿದ್ದರಾಗ ಅಲ್ಲ. ಎರಡು, ಹೊಡದ ಔಷಧ. ತೊಳದರ ಸ್ವಲ್ಪ ಹೋಗತೈತಿ, ಪೂರಾ ಹೋಗೂದಿಲ್ಲ. ಮೂರು, ಸೀಸ, ಕ್ಯಾಡ್ಮಿಯಂ ಅಂಥಾ ಲೋಹ. ಇವು ಮನೀ ಬಚ್ಚಲದಿಂದ ಬರೂದು ಕಡಿಮಿ. ಗ್ಯಾರೇಜು, ಬ್ಯಾಟರಿ, ಬಣ್ಣ, ಮುಲಾಮಿನ ಕೆಲಸದ ಕಡಿಯಿಂದ ಬರತಾವ. ಬೇರಿನಿಂದ ಎಲಿಯೊಳಗ ಏರತಾವ, ಅದರಾಗೂ ತಪ್ಪಲದ ಜಾತಿ ಹೆಚ್ಚು ಎಳಕೊಳ್ಳತೈತಿ. ಇದನ್ನ ಉಪ್ಪನೀರಿನ್ಯಾಗ ನೆನಸಿದರೂ ಹೋಗೂದಿಲ್ಲ, ಕುದಿಸಿದರೂ ಹೋಗೂದಿಲ್ಲ. ಇದನ್ನ ತಡಿಯೂದು ಹಳ್ಳಕ್ಕ ಬೀಳೂದಕ್ಕಿಂತ ಮೊದಲು, ಅಡಗೀಮನ್ಯಾಗ ಅಲ್ಲ.

ಹೊಲಸ ನೀರಿನ ಕಾಟ ಹೊಲಕ್ಕಷ್ಟ ಅಲ್ಲ. ದಿನಾ ಮುಂಜಾನೆ ಅಡ್ಡಾಡಾಕ ಹೋಗೂ ನಮ್ಮ ಕೆರಿ ನೋಡ್ರಿ. ಸುಮಾರು 200 ಎಕರೆ ಕೆರಿ, ನೂರು ವರ್ಷದ ಮ್ಯಾಲಿಂದು. ಅಂತರಗಂಗಿ ಹಬ್ಬಿದಾಗ ನೀರು ಎಲ್ಲೈತಿ, ನೆಲ ಎಲ್ಲೈತಿ ತಿಳಿಯೂದಿಲ್ಲ. ಮಷೀನ್ ತರಸತಾರ, ತಗಸತಾರ, ಪೇಪರಿನ್ಯಾಗ ಫೋಟೋ ಬರತೈತಿ, ಮತ್ತ ಕೆಲವು ತಿಂಗಳಿಗೆ ಹಂಗ ಹಸರು. ಯಾಕಂದರ ಅಂತರಗಂಗಿ ರೋಗ ಅಲ್ಲ, ರೋಗದ ಗುರುತು. ಸಂಡಾಸು, ಬಚ್ಚಲದ ನೀರಿನ್ಯಾಗ ಸಾರಜನಕ, ರಂಜಕ ಇರತಾವ. ಹೊಲಕ್ಕ ಹಾಕೂ ಗೊಬ್ಬರದಾಗ ಇರೂದೂ ಇವ. ಗೊಬ್ಬರ ಹಾಕಿದ ನೀರಿನ್ಯಾಗ ಅಂತರಗಂಗಿ ಎರಡು ವಾರದಾಗ ಇಮ್ಮಡಿ ಆಗತೈತಿ. ಮ್ಯಾಲೆ ಚಾಪಿ ಹಾಸಿದಂಗ ಆದರ ಕೆಳಗ ಬಿಸಲು ಹೋಗೂದಿಲ್ಲ. ಕೊಳತದ್ದನ್ನ ಕರಗಸೂ ಕ್ರಿಮಿ ನೀರಿನ್ಯಾಗಿನ ಆಕ್ಸಿಜನ್ ತಿಂದು ಮುಗಸತಾವ, ಮೀನು ಉಸಿರು ಕಟ್ಟತೈತಿ. ಮೀನು ಹೋದರ ಮೀನು ತಿನ್ನೂ ಹಕ್ಕಿ ಹೋಗತೈತಿ. ಸೊಳ್ಳಿ ಮಾತ್ರ ಉಳಿತಾವ, ಅವು ನಮ್ಮ ಮನಿಗೇ ಬರತಾವ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರಿಗೆ ಎ ದಿಂದ ಇ ತನಕ ದರ್ಜೆ ಮಾಡ್ಯಾರ. ಸೋಸದ, ಬರೇ ಕ್ರಿಮಿ ಕೊಂದು ಕುಡಿಯೂವಂಥಾ ನೀರು ಎ. ಮೀನು ಮತ್ತ ಕಾಡುಪ್ರಾಣಿ ಬದುಕೂ ನೀರು ಡಿ. ಹೊಲಕ್ಕ ಹರಸೂ ನೀರು ಇ. ಡಿ ದರ್ಜೆಗೆ ಲೀಟರಿಗೆ ಕಡಿಮಿ ಅಂದರೂ 4 ಮಿಲಿಗ್ರಾಂ ಆಕ್ಸಿಜನ್ ಬೇಕು. ಇದನ್ನ ನೋಡೂದು ದೊಡ್ಡ ವಿದ್ಯಾ ಅಲ್ಲ, ಕಾಲೇಜಿನ ಹುಡುಗರೂ ಮಾಡತಾರ. ಹಂಗಿದ್ದರ ನಮ್ಮ ಕೆರಿಗೆ ಈ ತಿಂಗಳು ಯಾವ ಅಕ್ಷರ ಅಂತ ದಂಡಿ ಮ್ಯಾಲೆ ಒಂದು ಬೋರ್ಡ್ ಹಾಕಾಕ ಏನು ತ್ರಾಸು?

ನಮ್ಮ ಹಳ್ಳ ಬಿಡನಾಳದಾಗ ನಿಲ್ಲೂದಿಲ್ಲ ಅನ್ನೂದೂ ನೆನಪಿಡ್ರಿ. ಹುಬ್ಬಳ್ಳಿ ಕಡಿಯ ನೀರು ಬೇಡ್ತಿಗೆ ಕೂಡತೈತಿ. ಬೇಡ್ತಿ ಕಲಘಟಗಿ ಹತ್ರ ನಮ್ಮ ಧಾರವಾಡದ ಶಾಲ್ಮಲೆಯನ್ನ ಕೂಡಿಕೊಂಡು, ಯಲ್ಲಾಪುರದ ಕಾಡು ಹೊಕ್ಕು, ಮಾಗೋಡದಾಗ ಜಿಗಿದು, ಗಂಗಾವಳಿ ಅನಿಸಿಕೊಂಡು ಸಮುದ್ರ ಸೇರತಾಳ. ಆ ಕಾಡಿನ ಪ್ರಾಣಿಗೆ ಇದು ಯಾರ ಮನೀ ನೀರು ಅಂತ ಗೊತ್ತಿಲ್ಲ.

ಸಂಶೋಧನಾ ಮಾಡಿದರ ಏನು ಉಪಯೋಗ ಅಂತ ಕೇಳೂವರಿಗೆ ರಣಹದ್ದಿನ ಕತಿ ಹೇಳತೀನಿ. ನಾವು ಸಣ್ಣವರಿದ್ದಾಗ ಸತ್ತ ದನಾ ಊರ ಹೊರಗ ಒಗದರ ಹದ್ದು ಬಂದು ಒಂದ ದಿನದಾಗ ಎಲವು ಉಳಿಸಿ ಹೋಗತಿದ್ದುವು. 1990ರ ಈಚೆ ಅವು ದೇಶದ ತುಂಬ ಪಟಪಟ ಸತ್ತುವು. ಬಿಳಿಬೆನ್ನಿನ ಜಾತಿ ನೂರಕ್ಕ ಒಂದೂ ಉಳೀಲಿಲ್ಲ. ಕಾರಣ ಗೊತ್ತಾದದ್ದು 2004ರಾಗ. ಲಿಂಡ್ಸೆ ಓಕ್ಸ್ ಅನ್ನೂವರ ತಂಡ ಪಾಕಿಸ್ತಾನದಾಗ ಸತ್ತ ಹದ್ದುಗಳನ್ನ ಕೊಯ್ದು ನೋಡಿ, ದನಕ್ಕ ನೋವಿಗೆ ಕೊಡೂ ಡೈಕ್ಲೋಫೆನಾಕ್ ಔಷಧ ಹದ್ದಿನ ಮೂತ್ರಪಿಂಡ ಕೆಡಸತೈತಿ ಅಂತ ತೋರಿಸಿತು. 2006ರಾಗ ನಮ್ಮ ಸರಕಾರ ದನಕ್ಕ ಕೊಡೂ ಆ ಔಷಧ ಬಂದ್ ಮಾಡಿತು. ಎರಡು ವರ್ಷದಾಗ! ಹದ್ದು ಇಲ್ಲದ್ದಕ್ಕ ದನದ ಹೆಣ ಕೊಳತು, ನೀರು ಕೆಟ್ಟು, ನಾಯಿ ಹೆಚ್ಚಾಗಿ, 2000ದಿಂದ 2005ರೊಳಗ ಸುಮಾರು 5 ಲಕ್ಷ ಮಂದಿ ಹೆಚ್ಚಿಗಿ ಸತ್ತಿರಬೇಕು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಈಚೆ ಲೆಕ್ಕಾ ಹಾಕ್ಯಾರ. ಹಕ್ಕಿ ಸತ್ತರ ನಮಗೇನು ಅನ್ನೂವರು ಈ ಲೆಕ್ಕಾ ಒಮ್ಮೆ ನೋಡಬೇಕು.

ಇನ್ನೊಂದು ಕತಿ ನಮ್ಮ ಕನ್ನಡದ ಮಂದಿ ಇರೂ ಕಾಸರಗೋಡಿಂದು. ಅಲ್ಲಿ ಸರಕಾರದ ಗೋಡಂಬಿ ತೋಟಕ್ಕ 20 ವರ್ಷದ ಮ್ಯಾಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡದರು, 2000ದ ತನಕ. ಮೊದಲು ಹೇಳಿದವು ಪ್ರಾಣಿನ. ಜೇನು ಹೋದುವು, ಮೀನು ಸತ್ತುವು, ಕರುಗಳು ಊನಾಗಿ ಹುಟ್ಟಿದುವು. ಆಮ್ಯಾಲೆ ಮನಷ್ಯಾರ ಮಕ್ಕಳು. ಪಡ್ರೆ ಊರಿನ ಡಾಕ್ಟರ್ ವೈ. ಎಸ್. ಮೋಹನಕುಮಾರ ತಮ್ಮ ಕಡಿ ಬರೂ ರೋಗಿಗಳನ್ನ ನೋಡಿ, ಇದು ಸುಮ್ಮನ ಬಂದದ್ದಲ್ಲ ಅಂದರು. ಅದ ಊರಿನ ಪತ್ರಕರ್ತ ಶ್ರೀ ಪಡ್ರೆ ಬರದರು. ಪೆರಿಯದಾಗ ಲೀಲಾಕುಮಾರಿ ಅನ್ನೂ ಹೆಣ್ಣಮಗಳು 1998ರಾಗ ಕೋರ್ಟಿಗೆ ಹೋದರು. ಅಹಮದಾಬಾದಿನ ಸರಕಾರಿ ಸಂಸ್ಥೆಯವರು ಬಂದು ಮಕ್ಕಳ ರಕ್ತ ತಪಾಸಣಿ ಮಾಡಿದರು. 2011ರಾಗ ಸುಪ್ರೀಂ ಕೋರ್ಟ್ ಇಡೀ ದೇಶದಾಗ ಆ ಔಷಧ ನಿಲ್ಲಿಸಿತು. ಅಲ್ಲಿ ಮಂದಿ ಕಣ್ಣಿಲೆ ನೋಡಿದ್ದು, ವಿಜ್ಞಾನಿ ಅಳದದ್ದು ಎರಡೂ ಒಂದಕ್ಕೊಂದು ಕೂಡಿದುವು. ಅದಕ್ಕ ಕೆಲಸ ಆತು.

ನಮ್ಮಲ್ಲಿ ಕೂಡಲಿಲ್ಲ. ನನ್ನ ಸಿಟ್ಟು ಇರೂದು ಇಲ್ಲೇ. ಅಭ್ಯಾಸ ಮಾಡಿದವರ ಮ್ಯಾಲೆ ಅಲ್ಲ, ಅವರು ತಮ್ಮ ಕೆಲಸ ಮಾಡ್ಯಾರ. ನಮ್ಮ ಬಚ್ಚಲದ ನೀರು, ನಮ್ಮ ಸಂತಿ ತಪ್ಪಲ, ನಮ್ಮ ನೆರೀಯೂರಿನ ಹೆಣ್ಣಾಳಿನ ಕಾಲು, ಇವುಗಳ ಮ್ಯಾಲೆ ಬರದದ್ದು ಇಂಗ್ಲಿಷಿನ್ಯಾಗ ಅಚ್ಚಾಗಿ ಪರದೇಶದ ಗ್ರಂಥಾಲಯ ಸೇರಿತು. ಹೊಲದಾಗ ಕೂತಾಕಿಗೆ ಯಾರೂ ಓದಿ ಹೇಳಲಿಲ್ಲ, ತಪ್ಪಲ ಕೊಳ್ಳಾಕಿಗೂ ಹೇಳಲಿಲ್ಲ. ಹೇಳದ್ದಕ್ಕನ ಈಗ ಓಣ್ಯಾಗ ಸುದ್ದಿ ಹುಟ್ಟಿ, ಅದರ ಪೆಟ್ಟು ಬುಟ್ಟಿ ಹೊತ್ತಾಕಿಗೆ ಬಿದ್ದೈತಿ.

“ಹೇಳಿದರ ಮಂದಿ ಅಂಜತಾರ, ರೈತರ ಹೊಟ್ಟಿ ಮ್ಯಾಲೆ ಹೊಡದಂಗ ಆಗತೈತಿ” ಅಂತ ನಮ್ಮ ಮನ್ಯಾಗನ ಒಬ್ಬರು ಅಂದರು. ಆ ಮಾತಿನ್ಯಾಗ ಕರುಣಾ ಐತಿ, ಆದರ ಲೆಕ್ಕ ತಪ್ಪೈತಿ. ಖರೇ ಮಾತು ಅಧಿಕೃತವಾಗಿ ಹೇಳಿದರ “ಇದನ್ನ ಕುದಿಸಿ ತಿನ್ರಿ, ಇದನ್ನ ಹಸೀ ತಿನಬ್ಯಾಡ್ರಿ, ಈ ಹೊಲದ್ದು ಚಲೋ ಐತಿ” ಅಂತ ಬಿಡಿಸಿ ಹೇಳಬಹುದು. ಹೇಳದಿದ್ದರ ಮಂದಿ ಎಲ್ಲಾರದೂ ಬಿಡತಾರ, ಬಾವಿ ನೀರಿನ್ಯಾಗ ಬೆಳದವನದೂ ಕೂಡ. ವಿಶ್ವ ಆರೋಗ್ಯ ಸಂಸ್ಥೆ 2006ರಾಗ ಹೊರತಂದ ಮಾರ್ಗಸೂಚಿಯೊಳಗ ಗಟಾರದ ನೀರಿನ ಒಕ್ಕಲುತನ ಬಂದ್ ಮಾಡ್ರಿ ಅಂತ ಹೇಳಿಲ್ಲ. ನೀರು ಶುದ್ಧ ಮಾಡಿ ಬಿಡ್ರಿ, ಕೀಳೂ ಮೊದಲ ಕೆಲವು ದಿನ ಆ ನೀರು ನಿಲ್ಲಿಸ್ರಿ, ಕೆಲಸದವರಿಗೆ ಬೂಟು ಕೊಡ್ರಿ, ತೊಳದು ಬೇಯಿಸಿ ತಿನ್ರಿ ಅಂತ ಒಂದರ ಮ್ಯಾಲೆ ಒಂದು ತಡಿ ಹಾಕಾಕ ಹೇಳೈತಿ. ಒಂದು ಸೋರಿದರ ಇನ್ನೊಂದು ಹಿಡಿತೈತಿ.

ಹಂಗಾರ ನಾವು ಏನ್ ಮಾಡೂಣು? ಮನಿಯಿಂದ ಶುರು ಮಾಡೂಣು. ಮುಗದ ಗುಳಿಗಿ, ಉಳದ ಔಷಧ ಸಂಡಾಸಿನ್ಯಾಗ ಸುರುವಬ್ಯಾಡ್ರಿ. ಸಕ್ಕರಿ ಬ್ಯಾನಿಯವರು ಇನ್ಸುಲಿನ್ ಸೂಜಿ ಗಟ್ಟಿ ಡಬ್ಬ್ಯಾಗ ತುಂಬಿ, ಕಸದ ಗಾಡಿಯವರಿಗೆ ಬ್ಯಾರೆ ಅಂತ ಹೇಳಿ ಕೊಡ್ರಿ. ಬಣ್ಣ, ಆಸಿಡ್, ಗಾಡಿ ಎಣ್ಣಿ ಗಟಾರಕ್ಕ ಹೋಗಬಾರದು. ಹಸೀ ತಿನ್ನೂ ಮೆಂತ್ಯೆ, ಕೊತ್ತಂಬರಿಯನ್ನ ಸಾಧ್ಯ ಇದ್ದರ ಕುಂಡದಾಗ ಬೆಳಕೊಳ್ರಿ, ಉಳದದ್ದು ತೊಳದು ಪಲ್ಲೆ ಮಾಡ್ರಿ. ಬುಟ್ಟಿ ಹೊತ್ತಾಕಿಯ ಕೂಡ ಜಬರಿಸಿ ಮಾತಾಡಬ್ಯಾಡ್ರಿ. ಆಕಿ ವಿಷ ಹಾಕಿಲ್ಲ, ನಾವು ಕಳಿಸಿದ್ದರಾಗ ಬೆಳದಾಳ.

ಆದರ ಮನೀ ಕೆಲಸ ಅಷ್ಟರಿಂದ ಹಳ್ಳ ಸ್ವಚ್ಛ ಆಗೂದಿಲ್ಲ. ಹಳ್ಳದ ಮಗ್ಗಲು ಸೈಕಲ್ ದಾರಿ, ಗಿಡಾ, ಕುರ್ಚಿ ಅಂತ ಸ್ಮಾರ್ಟ್ ಸಿಟಿಯವರು ಮಾಡಿದ್ದು ಚಂದ ಐತಿ. ದಂಡಿ ಚಂದಾದರ ಸಾಲೂದಿಲ್ಲ, ನಡುವ ಹರಿಯೂದೂ ಚಂದಾಗಬೇಕು. ಗಬ್ಬೂರ ಕಡಿ ಹೊಲಸ ನೀರು ಶುದ್ಧ ಮಾಡೂ ಘಟಕ ಐತಿ. ಅದರೊಳಗ ಎಷ್ಟು ಹೋಗತೈತಿ, ಎಷ್ಟು ಹೊರಗಿಂದ ಹೊರಗ ಹಾಯತೈತಿ, ಹೊರಗ ಬಂದ ನೀರು ಹೆಂಗೈತಿ ಅನ್ನೂದು ಕನ್ನಡದಾಗ, ಎಲ್ಲಾರಿಗೂ ಕಾಣೂವಂಗ ಇರಬೇಕು.

ಕೇಳೂ ಹಾದಿ ಸವಲತ್ತಿಂದು. 2005ರ ಮಾಹಿತಿ ಹಕ್ಕಿನ ಕಾಯ್ದೆ ಪ್ರಕಾರ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ. 30 ದಿನದಾಗ ಉತ್ತರಾ ಕೊಡಬೇಕು. ನಾನು ಎರಡು ಅರ್ಜಿ ಬರದಿಟ್ಟೀನಿ. ಒಂದು ಮಹಾನಗರ ಪಾಲಿಕೆಗೆ: ಶುದ್ಧ ಮಾಡದ ನೀರು ಕೆರಿಗೆ ಮತ್ತ ಹಳ್ಳಕ್ಕ ಎಲ್ಲೆಲ್ಲಿ ಬೀಳತೈತಿ, ಅದನ್ನ ನಿಲ್ಲಸಾಕ ಏನು ಮಾಡೀರಿ? ಇನ್ನೊಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ: ಹೋದ 12 ತಿಂಗಳು ಉಣಕಲ್ ಕೆರಿ ನೀರಿನ ತಪಾಸಣಿ ವರದಿ ಏನು, ದರ್ಜೆ ಯಾವುದು? ಕುರ್ಪಿ ಹಿಡಿಯೂ ಹೆಣ್ಣಾಳಿಗೆ ವರ್ಷಕ್ಕ ಒಮ್ಮೆ ರಕ್ತ ತಪಾಸಣಿ, ಜಂತಿನ ಗುಳಿಗಿ ಮತ್ತ ಬೂಟು ಬೇಕು ಅಂತ ಆರೋಗ್ಯ ಇಲಾಖೆಗೆ ಒಂದು ಮನವಿನೂ ಐತಿ, ಅದಕ್ಕ ಬಿಡನಾಳದ ಹೆಣ್ಣಮಕ್ಕಳ ಸಹಿ ಮೊದಲು, ನಮ್ಮವು ಆಮ್ಯಾಲೆ.

ಸೋಮವಾರ ಮಧ್ಯಾಹ್ನ ಮುಸರಿ ಮುಗದ ಮ್ಯಾಲೆ ನಮ್ಮ ಮನ್ಯಾಗ ಕೂಡೂಣು. ಪೆನ್ನು ನನ್ನ ಕಡಿ ಅದಾವ. ಆಧಾರ್ ಕಾರ್ಡಿನ ಮ್ಯಾಲೆ ಇರೂ ಹೆಸರು ಹೆಂಗೈತಿ ನೋಡಕೊಂಡು ಬರ್ರಿ, ಅರ್ಜ್ಯಾಗ ಹಂಗ ಬರಿಯೂಣು.